ನೆಂಟರ ಹಾಲು

ಯೋಲಾ
ಜೂನ್ ೧೪, ೨೦೦೯

ಇನ್ನಾ,

ನಿಮ್ಮ ಹಾಲನ್ನು ಬೈಕಿನಲ್ಲಿ ಸಾಗಿಸುವ ಗಿಡಾಡೊನ ಫೋನಿಗೆ ಮಾಡಿದ್ದೆ. ನೀನು ಪಕ್ಕದಲ್ಲೇ ನಿಂತಿದ್ದೆಯಂತೆ, ಆದರೂ ಫೋನು ಮುಟ್ಟಲಿಲ್ಲ. “ಮೊದಲ ಮಗೂ ಜೊತೆ ನಾಲ್ಕು ಜನರ ಎದುರಿಗೆ ಮಾತಾಡೋಕೆ ನಾಚಿಕೆಯಂತೆ, ಬರೆದು ಕಳಿಸು ಅಂತಿದ್ದಾಳೆ” ಎಂದ ಅವನು. ಸರಿ, ಬರೆಯುತ್ತಿದ್ದೇನೆ. ಮೊದಲ ಮಗುವನ್ನು ಎಲ್ಲರೆದುರು ಹೆಸರು ಹಿಡಿದು ಕರೆಯಬಾರದು, ನನ್ನ ಮಗು ಎನ್ನಬಾರದು ಎಂಬ ನಮ್ಮವರ ಪದ್ಧತಿ ನನಗೂ ಗೊತ್ತು. ಇನ್ನಾ ಎಂದು, ತಾಯಿ ಎಂದು ಕರೆದದ್ದಕ್ಕೂ ನಾಚಿಕೆಯಾದರೆ ಈ ಮೊದಲ ಸಾಲನ್ನು ಬಿಟ್ಟು ಓದಿಕೋ.

ಮಾಯೊ ಪೇಟೆಯಲ್ಲಿ ನೀವು ಹಾಲು ಮಾರುವ ಹಾಲುಕಟ್ಟೆಗೆ ಬೀಗ ಹಾಕಿದ್ದಾರೆ. ಹಾಕಬೇಕು ಎಂದು ಬರೆದುಕೊಟ್ಟವಳು ನಾನೇ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು ಎಂದು ಹೇಳುತ್ತಿದ್ದೇನೆ. ಪೇಟೆಯಲ್ಲಿ ಫುರಾ ತಿಂದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದ್ದಾರೆ. ಜ್ವರ, ರಕ್ತಭೇದಿ. ಫುರಾಕ್ಕೆ ಹಾಕುವ ಸಜ್ಜೆಯ ಉಂಡೆಯನ್ನು ಪರೀಕ್ಷಿಸಿ ನೋಡಿದೆವು, ಅದರಲ್ಲಿ ದೋಷವಿಲ್ಲ. ಉಳಿದದ್ದು ಉಂಡೆಯನ್ನು ಕಿವುಚಿದ ಮೊಸರು. ಅದು ಬರುವುದು ನಿಮ್ಮ ಕೈಯಿಂದ.

ನಮ್ಮ ಲ್ಯಾಬಿನ ಕಾಚಲ್ಲಾ ಎಂಬವನು ನಿಮ್ಮ ಮನೆಗಳಿಗೆ ಬರುತ್ತಾನೆ. ಕನೂರಿ ಪಂಗಡದ ಹುಡುಗ, ಒಳ್ಳೆಯವನು. ಒಂದೊಂದು ಮನೆಯಿಂದ ಒಂದೊಂದು ಬಾಟಲಿ ಹಾಲು ಅಥವಾ ಮೊಸರು ತೆಗೆದುಕೊಳ್ಳುತ್ತಾನೆ, ಅಷ್ಟೇ. ಹಾಲಿನವರ ಯಜಮಾನಿ ನೀನು. ನೀನು ಒಪ್ಪಿದರೆ ಉಳಿದವರು ಒಪ್ಪುತ್ತಾರೆ. ದಯವಿಟ್ಟು ಅವನನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಬೇಡ. ಪರೀಕ್ಷೆಯಲ್ಲಿ ಪಾಸಾಗುವವರೆಗೂ ಬೀಗ ತೆಗೆಯುವ ಅಧಿಕಾರ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ನಿನ್ನ
ಸೌದಾತು


ವುರೋ ಜಬ್ಬೆ
ಜೂನ್ ೨೩

ಯೋಲಾದ ಲ್ಯಾಬಿನವಳಿಗೆ,

ಕಾಗದವೂ ಬಂತು, ಬೀಗವೂ ಬಂತು. ಬೀಗವೇ ಮೊದಲು ಬಂತು. ಗಿಡಾಡೊನ ಬೈಕಿನ ಮೇಲೆ ಹೋದ ಕ್ಯಾನುಗಳೆಲ್ಲ ಹೋದ ಹಾಗೇ ತಿರುಗಿ ಬಂದವು. ಅಷ್ಟು ಮೊಸರನ್ನು ಏನು ಮಾಡಲಿ? ನಾಯಿಗಳಿಗೆ ಸುರಿದೆವು. ಅವುಗಳಿಗೆ ಏನೂ ಆಗಲಿಲ್ಲ, ಬೇಕಾದರೆ ಅದನ್ನೂ ಬರೆದುಕೋ.

ನಿನ್ನ ಅಜ್ಜಿಯ ತಾಯಿಯ ಕಾಲದಿಂದ ನಾವು ಹಾಲು ಮಾರಿ ಬದುಕಿದವರು. ದನ ಗಂಡಸರದು, ಹಾಲು ಹೆಂಗಸರದು. ಉಪ್ಪು, ಸೋಪು, ಮಕ್ಕಳ ಬಟ್ಟೆ ಎಲ್ಲ ಅದರಿಂದಲೇ. ನಿನ್ನ ಶಾಲೆಯೂ ಅದರಿಂದಲೇ ಆಯಿತು ಎಂದು ಯಾರೋ ಇಲ್ಲಿ ಅಂದರು. ನಾನು ಅನ್ನಲಿಲ್ಲ. ಮುಂದೆ ಉಪವಾಸದ ತಿಂಗಳು ಬರುತ್ತದೆ, ಸಂಜೆ ಉಪವಾಸ ಬಿಡಲು ಇಡೀ ಪೇಟೆಗೆ ಫುರಾ ಬೇಕು. ಆಗಲೂ ಬೀಗ ಹಾಗೇ ಇದ್ದರೆ ಈ ಹೆಂಗಸರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಈಗಲೇ ಮಾಯ್ರಮು ಬಾವಿಕಟ್ಟೆಯಲ್ಲಿ ನನಗೆ ಕೇಳುವ ಹಾಗೆ, “ಯಜಮಾನೀದೇ ಮಗಳಲ್ವಾ ಬೀಗ ಹಾಕ್ಸಿದ್ದು” ಎಂದಳು. ನಾನು ನೀರು ಸೇದಿಕೊಂಡು ಬಂದೆ.

ನಿಮ್ಮ ಕಾಚಲ್ಲಾ ಬಂದಿದ್ದ. ಕನೂರಿಗಳಿಗೂ ನಮಗೂ ಒಬ್ಬರನ್ನೊಬ್ಬರು ಗೇಲಿ ಮಾಡುವ ಹಳೆಯ ಸಲಿಗೆ, ಕನೂರಿ ಎಂದು ತಿಳಿದ ಮೇಲೆ ನಮ್ಮ ಹೆಂಗಸರು ಬಿಡುತ್ತಾರೆಯೇ? “ಏನೋ ಕನೂರಿ, ಮೀನು ತಿನ್ನೋ ಬಾಯಿಗೆ ಹಾಲಿನ ರುಚಿ ಹತ್ತತ್ತೇನೋ?” ಎಂದರು. ಅವನೇನು ಕಡಿಮೆ? “ದನದ ಬಾಲ ಹಿಡ್ಕೊಂಡು ಅಲೆಯೋರಿಗೇ ಹತ್ತೋದಾದ್ರೆ ನಮಗೆ ಹತ್ತಲ್ವಾ, ಅಜ್ಜೀರಾ” ಎಂದ. ಅಜ್ಜಿ ಎಂದದ್ದಕ್ಕೆ ಮಾಯ್ರಮು ಅವನಿಗೆ ಹೊಡೆಯಲು ಕಡಗೋಲು ಎತ್ತಿದಳು. ಬಿದ್ದು ಬಿದ್ದು ನಕ್ಕೆವು. ಬೀಗ ಬಿದ್ದ ಮೇಲೆ ಅದೊಂದೇ ನಗು.

ಕುಡಿಯಲೂ ಕೊಟ್ಟೆವು, ಬಾಟಲಿಗೂ ತುಂಬಿದೆವು. ಯಾವ ಮನೆಯವರೂ ಕೈ ಹಿಂದೆ ತೆಗೆಯಲಿಲ್ಲ. ನೀನು ಬರೆದದ್ದಕ್ಕಲ್ಲ, ಮನೆಗೆ ಬಂದವನನ್ನು ಹೇಗೆ ನೋಡಿಕೊಳ್ಳಬೇಕೆಂದು ನಮಗೆ ಯಾರೂ ಕಾಗದ ಬರೆದು ತಿಳಿಸಬೇಕಾಗಿಲ್ಲ.

ಹಾಲಿನವರ ಯಜಮಾನಿ
ಕುಲ್ಸುಮಿ


ಯೋಲಾ
ಜುಲೈ ೨

ಇನ್ನಾ,

ಎಲ್ಲ ಬಾಟಲಿಗಳೂ ಪಾಸಾಗಿವೆ!

ನಂಬಲಾಗದೆ ಇನ್ನೊಂದು ಸಲ ಮಾಡಿದೆ. ಹಾಲಿನ ಹನಿಗಳನ್ನು ತಟ್ಟೆಗಳಿಗೆ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಕೆಟ್ಟ ಕ್ರಿಮಿ ಇದ್ದರೆ ಮಾರನೆಯ ದಿನ ತಟ್ಟೆಯ ತುಂಬ ಕಲೆ ಎದ್ದಿರುತ್ತದೆ. ನಿಮ್ಮವು ತೊಳೆದಿಟ್ಟಷ್ಟು ಸ್ವಚ್ಛ. ಯೋಲಾದ ಅಂಗಡಿಯ ಪ್ಯಾಕೆಟ್ಟಿನ ಹಾಲೂ ಇಷ್ಟು ಚೆನ್ನಾಗಿ ಬರುವುದಿಲ್ಲ. ಕಾಚಲ್ಲಾ, “ನಾನು ಕುಡಿದಾಗ್ಲೇ ಹೇಳ್ಲಿಲ್ವಾ ಮೇಡಂ, ಅಮೃತ ಅದು” ಎಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಬೀಗ ತೆಗೆಯಬಹುದು ಎಂದು ಬರೆದುಕೊಟ್ಟಿದ್ದೇನೆ, ಕೆಳಗೆ ನನ್ನ ಸಹಿಯಿದೆ. ಆ ಜನ ಮತ್ತೆ ಏನು ತಿಂದು ಮಲಗಿದರೋ ಗೊತ್ತಾಗುತ್ತಿಲ್ಲ, ಅದೊಂದು ತಲೆ ಕೊರೆಯುತ್ತಿದೆ. ಆದರೂ ಸಂತೋಷವಾಗಿದೆ, ಸುಳ್ಳೇಕೆ ಹೇಳಲಿ.

ನಿನ್ನ
ಸೌದಾತು


ವುರೋ ಜಬ್ಬೆ
ಜುಲೈ ೯

ಲ್ಯಾಬಿನವಳಿಗೆ,

ತಟ್ಟೆಯಲ್ಲಿಟ್ಟು ನೋಡಿದ ಮೇಲೆ ನಿನಗೆ ಗೊತ್ತಾಯಿತು. ನಮಗೆ ಮೊದಲೇ ಗೊತ್ತಿತ್ತು.

ಹಾಲುಕಟ್ಟೆ ತೆರೆದಿದ್ದಾರೆ. ಮಾಯ್ರಮು ಈಗ ಬಾವಿಕಟ್ಟೆಯಲ್ಲಿ ನನಗೆ ದಾರಿ ಬಿಡುತ್ತಾಳೆ. ಫುರಾ ಮಾರುವ ತಲಾತು ಮೊದಲ ದಿನವೇ ಬಂದು ನನ್ನಿಂದಲೇ ಮೊಸರು ಕೊಂಡಳು. “ಅಕ್ಕ, ನಿಮ್ಮ ಮೊಸರಿಲ್ದೆ ನನ್ನ ಫುರಾ ಗಂಟ್ಲಲ್ಲಿ ಇಳೀತಾನೇ ಇರ್ಲಿಲ್ಲ” ಎಂದಳು. ಮಳೆ ಚೆನ್ನಾಗಿದೆ, ಹುಲ್ಲು ಚೆನ್ನಾಗಿದೆ, ಕೆಚ್ಚಲು ತುಂಬಿವೆ.

ಕುಲ್ಸುಮಿ


ಯೋಲಾ
ಜುಲೈ ೩೦

ಇನ್ನಾ,

ಮತ್ತೆ ಶುರುವಾಗಿದೆ. ಮತ್ತೆ ಮಾಯೊ ಪೇಟೆಯಲ್ಲೇ, ಮತ್ತೆ ಫುರಾದಿಂದಲೇ. ಈ ಸಲ ಮಕ್ಕಳೇ ಹೆಚ್ಚು. ತಲಾತುವಿನ ಮೊಮ್ಮಗಳು ಇಲ್ಲಿನ ಆಸ್ಪತ್ರೆಯಲ್ಲಿದ್ದಾಳೆ, ಕೈಗೆ ಸೂಜಿ ಚುಚ್ಚಿ ನೀರು ಹಾಕುತ್ತಿದ್ದಾರೆ. ನಾನು ಹೋಗಿ ನೋಡಿದೆ. ಮುದುಡಿಕೊಂಡು ಮಲಗಿತ್ತು ಮಗು. ತಲಾತು ನನ್ನನ್ನು ಗುರುತು ಹಿಡಿದು, “ನೀನೇ ತಾನೆ ಹಾಲು ಚೆನ್ನಾಗಿದೆ ಅಂತ ಬರೆದುಕೊಟ್ಟಿದ್ದು?” ಎಂದು ಕೇಳಿದಳು. ಹೌದು ಎಂದೆ. ಅವಳು ಮಗುವಿನ ಕಡೆಗೆ ತಿರುಗಿ ಕೂತಳು.

ಮೇಲಧಿಕಾರಿ ಕರೆದು, “ಅಲ್ಲಿನ ಯಜಮಾನಿ ನಿಮ್ಮ ತಾಯಿಯಂತೆ, ಹೌದಾ?” ಎಂದರು. ಅಷ್ಟೇ ಅಂದರು. ಇನ್ನು ಏನು ಅನ್ನಬೇಕು ಅವರು! ಬೀಗ ಮತ್ತೆ ಬಿದ್ದಿದೆ.

ಮೊನ್ನೆ ಬೀಗ ತೆಗೆದಿದ್ದಾಗ ಕಾಚಲ್ಲಾ ಹಾಲುಕಟ್ಟೆಗೇ ಬಂದು ಬಾಟಲಿ ತುಂಬಿಸಿಕೊಂಡು ಹೋಗಿದ್ದನಲ್ಲ, ಅವೂ ಪಾಸು! ಜನ ಮಲಗುತ್ತಿದ್ದಾರೆ, ಹಾಲು ಪಾಸಾಗುತ್ತಿದೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ರಾಸಾಯನಿಕ ಬದಲಾಯಿಸಿದೆ, ಪೆಟ್ಟಿಗೆಯ ಬಿಸಿ ಅಳೆದು ನೋಡಿದೆ, ಬೇಕೆಂದೇ ಕೆಡಿಸಿದ ಹಾಲು ಹಾಕಿ ನೋಡಿದೆ. ಅದು ಫೇಲಾಯಿತು. ಅಂದರೆ ನನ್ನ ಪರೀಕ್ಷೆ ಸರಿಯಾಗಿಯೇ ಇದೆ.

ನಿನ್ನೆ ಕಾಚಲ್ಲಾನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಹಾಲು ಯಾವುದರಿಂದ ಹಾಕಿಕೊಟ್ಟರು ಎಂದೆ. “ಸೋರೆಬುರುಡೆಯಿಂದ ಮೇಡಂ. ಮೇಲೆ ನೇಯ್ದ ಮುಚ್ಚಳ, ನೋಡೋಕೇ ಚಂದ” ಎಂದ. ಆದರೆ ಗಿಡಾಡೊ ಬೈಕಿನ ಮೇಲೆ ಹೇರಿಕೊಂಡು ಹೋಗುವುದು ಬುರುಡೆಗಳನ್ನಲ್ಲ, ಹಳದಿ ಪ್ಲಾಸ್ಟಿಕ್ ಕ್ಯಾನುಗಳನ್ನು.

ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳು. ಅವನಿಗೆ ನೀವು ಕೊಟ್ಟದ್ದು ಯಾವ ಹಾಲು?

ಸೌದಾತು


ವುರೋ ಜಬ್ಬೆ
ಆಗಸ್ಟ್ ೫

ಲ್ಯಾಬಿನವಳಿಗೆ,

ಇದೆಂಥ ಪ್ರಶ್ನೆ! ನೆಂಟರ ಹಾಲು ಕೊಟ್ಟೆವು. ಮತ್ತೆ ಯಾವುದು ಕೊಡಬೇಕಿತ್ತು?

ಯೋಲಾದಲ್ಲಿ ಓದಿ ಓದಿ ಮನೆಯ ರೀತಿ ಮರೆತಿದ್ದರೆ ಕೇಳು. ಬುರುಡೆಯನ್ನು ಬೂದಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸುತ್ತೇವೆ. ಒಳ್ಳೆಯ ಹಸುವಿನ ಹಾಲನ್ನು ಕುದಿಸಿ, ಆರಿಸಿ, ಅದರಲ್ಲಿ ಬೇರೆಯಾಗಿ ಹೆಪ್ಪು ಹಾಕುತ್ತೇವೆ. ಕುದಿಸಿರೆಂದು ನಿಮ್ಮ ಸರಕಾರದವರೇ ಹೇಳಿಹೋದದ್ದು. ಮಾರುವ ಹಾಲನ್ನೆಲ್ಲ ಕುದಿಸಲು ಕಟ್ಟಿಗೆ ಎಲ್ಲಿಂದ ತರಲಿ? ಕುದಿಸಿದರೆ ಪೇಟೆಯವರು ರುಚಿಯಿಲ್ಲ ಎಂದು ಮೂಗು ಮುರಿಯುತ್ತಾರೆ. ನೆಂಟರದ್ದನ್ನು ಮಾತ್ರ ಕುದಿಸುತ್ತೇವೆ.

ಸರಕಾರದ ಮನೆಯಿಂದ ಮನುಷ್ಯ ಬಂದು, ಬಾಟಲಿ ಹಿಡಿದು, ಹಾಲು ಕೊಡಿ ತಾಯಂದಿರಾ ಎಂದು ಕೇಳಿದಾಗ ಅವನಿಗೆ ಕ್ಯಾನಿನ ಮೂತಿ ಬಗ್ಗಿಸಿ ಸುರಿಯಬೇಕಿತ್ತೇ? ಮುಖ ಎಲ್ಲಿಟ್ಟುಕೊಳ್ಳಲಿ? ಪೇಟೆಗೂ ಅವನು ಬರುತ್ತಾನೆಂದು ತಿಳಿದು ಅವನಿಗೆಂದೇ ಒಂದು ಬುರುಡೆ ಹೊತ್ತುಕೊಂಡು ಹೋಗುತ್ತಿದ್ದೆವು. ಆ ಹಾಲು ಯಾರ ಕೈಗೆ ಹೋಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಅದಕ್ಕೇ ಕೆನೆಯನ್ನೂ ತೆಗೆಯಲಿಲ್ಲ.

ಮೋಸ ಮಾಡಿದೆವು ಎಂಬಂತೆ ಬರೆದಿದ್ದೀಯೆ. ಓದಿ ಮೈಯೆಲ್ಲ ಉರಿದುಹೋಯಿತು. ಇರುವುದರಲ್ಲಿ ಒಳ್ಳೆಯದನ್ನು ಕೊಟ್ಟರೆ ಅದು ಮೋಸವೇ?

ತಲಾತುವಿನ ಮೊಮ್ಮಗಳು ಈಗ ಹೇಗಿದ್ದಾಳೆ?

ಹಾಲಿನವರ ಯಜಮಾನಿ
ಕುಲ್ಸುಮಿ


ಯೋಲಾ
ಆಗಸ್ಟ್ ೧೦

ಇನ್ನಾ,

ಮಗು ಬದುಕಿದೆ. ಎದ್ದು ಕೂರುತ್ತಿದೆ.

ನಿನ್ನ ಕಾಗದ ಓದಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಾಚಲ್ಲಾ ನೆಂಟನಲ್ಲ! ಅವನು ಹಾಲು ಕುಡಿಯಲು ಬಂದವನಲ್ಲ. ಕೆಟ್ಟದ್ದು ಎಲ್ಲಿದೆ ಎಂದು ಹುಡುಕಲು ಬಂದವನು. ಹುಡುಕಲು ಬಂದವನ ಕೈಗೆ ನೀವು ಒಳ್ಳೆಯದನ್ನೇ ಆರಿಸಿ ಆರಿಸಿ ಕೊಟ್ಟಿರಿ, ನಾನು ಅದನ್ನು ನಂಬಿ ಸಹಿ ಹಾಕಿದೆ, ಕ್ಯಾನಿನದ್ದನ್ನು ಪೇಟೆಯ ಮಕ್ಕಳು ತಿಂದರು. ಆ ಕ್ಯಾನಿನ ಮೂತಿಯಲ್ಲಿ ಯಾರ ಕೈ ತೂರುತ್ತದೆ ಹೇಳು. ಒಳಗೆ ಉಜ್ಜಿದ್ದೀರಾ ಯಾವತ್ತಾದರೂ? ಹಿಂದಿನ ದಿನದ ಹಾಲು ತಳದಲ್ಲಿ ಅಂಟಿಕೊಂಡಿರುತ್ತದೆ, ಅದರ ಮೇಲೆ ಹೊಸದನ್ನು ಸುರಿಯುತ್ತೀರಿ. ನೆಂಟ ಒಂದು ಲೋಟ ಕುಡಿದು ಎದ್ದು ಹೋಗುತ್ತಾನೆ. ಪೇಟೆಯವರು ದಿನಾ ಕುಡಿಯುತ್ತಾರೆ. ಅವರು ಯಾರೂ ಅಲ್ಲವೇ ನಿಮಗೆ?

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ, ಆದರೆ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ಹಾಲು ಬಿಡಿಸಿದ ಮೇಲೆ ನನ್ನನ್ನು ಅಜ್ಜಿಯ ಮನೆಗೆ ಕಳಿಸಿದೆ. ಮೊದಲ ಮಗುವಿಗೆ ಹಾಗೇ ಮಾಡುವುದು ಎಂದು ಗೊತ್ತು, ಅಜ್ಜಿ ಚೆನ್ನಾಗಿಯೇ ಸಾಕಿದಳು. ಹಬ್ಬಕ್ಕೆ ನಿನ್ನ ಮನೆಗೆ ಬರುತ್ತಿದ್ದೆ. ತಮ್ಮಂದಿರು ತಂಗಿಯರು ಒಂದೇ ಪಾತ್ರೆಗೆ ಕೈ ಹಾಕಿ, ಕಿತ್ತಾಡಿಕೊಂಡು ಕುಡಿಯುತ್ತಿದ್ದರು. ನನಗೆ ಮಾತ್ರ ನೇಯ್ದ ಮುಚ್ಚಳದ ಬುರುಡೆ ಬರುತ್ತಿತ್ತು. ಅದನ್ನೂ ನೀನು ಕೈಯಾರೆ ಕೊಡುತ್ತಿರಲಿಲ್ಲ, ಮುಂದಿಟ್ಟು ಆ ಕಡೆ ತಿರುಗುತ್ತಿದ್ದೆ. ಎಲ್ಲರ ಹೆಸರು ಹಿಡಿದು ಬೈಯುತ್ತಿದ್ದೆ. ನನ್ನ ಹೆಸರು ಹಿಡಿದು ಒಂದು ಸಲವೂ ಬೈದಿಲ್ಲ. ಅವರ ಜೊತೆ ಬೈಸಿಕೊಳ್ಳಬೇಕೆಂದು ನನಗೆ ಎಷ್ಟು ಆಸೆಯಿತ್ತು, ನಿನಗೆ ಗೊತ್ತಾ?

ನಾನೂ ನಿನಗೆ ನೆಂಟಳೇ. ಅದಕ್ಕೇ ನನಗೆ ನಿಜವಾದ ಹಾಲು ಸಿಗುತ್ತಿಲ್ಲ.

ಕಾಚಲ್ಲಾನನ್ನು ಇನ್ನೊಂದು ಸಲ ಕಳಿಸುತ್ತೇನೆ. ಈ ಸಲ ಕ್ಯಾನಿನದ್ದು ಕೊಡಿ. ಅದು ಫೇಲಾಗುತ್ತದೆ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಆದರೆ ಎಲ್ಲಿ ಕೆಡುತ್ತಿದೆ ಎಂದು ತಿಳಿದರೆ ಸರಿಪಡಿಸಬಹುದು. ತಿಳಿಯದಿದ್ದರೆ ಆ ಬೀಗ ಯಾವತ್ತೂ ತೆಗೆಯುವುದಿಲ್ಲ.

ಸೌದಾತು


ಯೋಲಾ
ಆಗಸ್ಟ್ ೨೩

ಇನ್ನಾ,

ಉತ್ತರವಿಲ್ಲ. ಕಾಚಲ್ಲಾ ಹೋಗಿ ಬರಿಗೈಯಲ್ಲಿ ಬಂದ. ಹೆಂಗಸರು ಅವನನ್ನು ಕೂರಿಸಿ, ನಗಿಸಿ, ಮತ್ತೆ ಬುರುಡೆಯನ್ನೇ ಮುಂದಿಟ್ಟರಂತೆ. ಬೇಡ ಎಂದದ್ದಕ್ಕೆ ಮಾಯ್ರಮು ಅತ್ತಳಂತೆ. ನೀನು ಮನೆಯಿಂದ ಹೊರಗೇ ಬರಲಿಲ್ಲವಂತೆ.

ನಿನ್ನೆ ಉಪವಾಸದ ತಿಂಗಳು ಶುರುವಾಯಿತು. ಪೇಟೆಯಲ್ಲಿ ಜನ ಹಾಲಿನ ಪುಡಿ ಕಲಸಿ ಫುರಾ ಮಾಡಿಕೊಳ್ಳುತ್ತಿದ್ದಾರೆ. ನನ್ನ ಹತ್ತಿರ ಬರೆಯಲು ಬೇರೇನೂ ಇಲ್ಲ.

ಸೌದಾತು


ವುರೋ ಜಬ್ಬೆ
ಆಗಸ್ಟ್ ೨೭

ಲ್ಯಾಬಿನವಳಿಗೆ,

ಈ ಕಾಗದದ ಜೊತೆ ಐಸಿನ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಇದೆ. ಕಾಚಲ್ಲಾ ಬಿಟ್ಟುಹೋಗಿದ್ದ ಬಾಟಲಿಯೇ. ಇವತ್ತು ಅವನನ್ನು ನಾನೇ ಕರೆಸಿಕೊಂಡೆ.

ಹೆಂಗಸರನ್ನು ಕೂರಿಸಿ ಹೇಳಿದ್ದೆ. ಯಾರೂ ಒಪ್ಪಲಿಲ್ಲ. “ನಮ್ಮ ಕೊಳೇನ ನಾವೇ ಬಾಟ್ಲೀಲಿ ತುಂಬಿ ಸರಕಾರಕ್ಕೆ ಕಳಿಸಬೇಕಾ? ನಿಮಗೇನಾದ್ರೂ ತಲೆ ನೆಟ್ಟಗಿದ್ಯಾ ಅಕ್ಕ?” ಎಂದಳು ಮಾಯ್ರಮು. ಬೇರೆಯವಳೊಬ್ಬಳು, ಮಗಳ ಮಾತು ಕೇಳಿ ಊರನ್ನೇ ಮುಳುಗಿಸುತ್ತಾಳೆ ಎಂದಳು. ಬೈಯಿಸಿಕೊಂಡೆ.

ಆಮೇಲೆ ನನ್ನ ಕ್ಯಾನನ್ನು ಬಿಸಿಲಿಗೆ ಹಿಡಿದು ಮೂತಿಯಲ್ಲಿ ಕಣ್ಣಿಟ್ಟು ನೋಡಿದೆ. ಏನೂ ಕಾಣಲಿಲ್ಲ, ಮೂಗಿಗೆ ಮಾತ್ರ ಬಡಿಯಿತು. ದಿನಾ ಬಡಿಯುತ್ತಿತ್ತು. ಅದು ಕ್ಯಾನಿನ ವಾಸನೆ ಎಂದುಕೊಂಡು ಸುಮ್ಮನಿರುತ್ತಿದ್ದೆ. ಬುರುಡೆಗೆ ಆ ವಾಸನೆ ಬಂದಿದ್ದರೆ ಒಡೆದು ಒಲೆಗೆ ಹಾಕುತ್ತಿದ್ದೆ.

ಬಾಟಲಿಯನ್ನು ಕ್ಯಾನಿನಿಂದಲೇ ತುಂಬಿದೆ. ಕಾಚಲ್ಲಾ ತಮಾಷೆ ಮಾಡಲಿಲ್ಲ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತ. ಒಳ್ಳೆಯ ಹುಡುಗ, ಕನೂರಿಯಾದರೂ. ಇಂಥ ಹಾಲನ್ನು ನಾನು ಯಾರ ಮುಂದೆಯೂ ಇಟ್ಟವಳಲ್ಲ. ಇದು ನಾನು ಮಾರುವ ಹಾಲು. ಕುಡಿಯಬೇಡ, ಪರೀಕ್ಷೆ ಮಾಡು.

ನೀನು ಬರೆದ ಬೇರೆ ಮಾತಿಗೆ ಉತ್ತರ ಬರೆಯಲು ನನಗೆ ಬರುವುದಿಲ್ಲ.

ಕುಲ್ಸುಮಿ


ಯೋಲಾ
ಸೆಪ್ಟೆಂಬರ್ ೧

ಇನ್ನಾ,

ಫೇಲಾಯಿತು.

ತಟ್ಟೆ ತೆಗೆದು ನೋಡಿದರೆ ಕಾಲಿಡಲು ಜಾಗವಿಲ್ಲದಷ್ಟು ಕಲೆ. ಸಗಣಿಯಿಂದ, ತೊಳೆಯದ ಕೈಯಿಂದ ಬರುವ ಕ್ರಿಮಿ. ಆಸ್ಪತ್ರೆಯಲ್ಲಿ ಮಕ್ಕಳಲ್ಲಿ ಸಿಕ್ಕಿದ್ದೂ ಇದೇ. ಗೆದ್ದೆ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ತಟ್ಟೆಯ ಮುಂದೆ ಕೂತು ಅತ್ತೆ.

ಈಗ ವರದಿ ಬರೆಯಬೇಕು. ಮಾರುವ ಹಾಲನ್ನು ಕುದಿಸಬೇಕು, ಕೈ ತೂರುವಷ್ಟು ಅಗಲ ಬಾಯಿಯ ಪಾತ್ರೆ ಬೇಕು, ಬೈಕಿನವರು ಅದನ್ನು ಒಪ್ಪಬೇಕು. ಕಟ್ಟಿಗೆಯ ಕಷ್ಟವನ್ನೂ ಬರೆಯುತ್ತೇನೆ, ಪೇಟೆಯ ಆಡಳಿತದವರು ಒಂದು ಒಲೆಮನೆ ಕಟ್ಟಿಕೊಡಲಿ ಎಂದು. ಆದರೆ ಒಂದೇ ಬಾಟಲಿಯ ಮೇಲೆ ಇಷ್ಟೆಲ್ಲ ಹೇಳಿದರೆ ಯಾರೂ ಕೇಳುವುದಿಲ್ಲ. ಎಲ್ಲ ಮನೆಯ ಕ್ಯಾನಿನದ್ದೂ ಬೇಕು.

ಇನ್ನೊಂದು. ಹಾಲು ಯಾರದ್ದು ಎಂದು ವರದಿಯಲ್ಲಿ ಇರಬೇಕು. ಹೆಸರಿನ ಬದಲು ನಂಬರು ಹಾಕಲು ಅವಕಾಶವಿದೆ. ಹಾಕಲಾ? ಪೇಟೆಯ ಹಲಗೆಗೆ ಅಂಟಿಸುತ್ತಾರೆ, ಎಲ್ಲರೂ ಓದುತ್ತಾರೆ. ಅಲ್ಲಿ ಮೊದಲ ಸಾಲಿನಲ್ಲೇ ನಿನ್ನ ಹೆಸರು ಬರೆಯಲು ನನಗೆ ಕೈ ಬರುತ್ತಿಲ್ಲ.

ನಿನ್ನ
ಸೌದಾತು


ವುರೋ ಜಬ್ಬೆ
ಸೆಪ್ಟೆಂಬರ್ ೮

ಸೌದಾತುವಿಗೆ,

ನಂಬರು ಬೇಡ. ನನ್ನ ಹೆಸರೇ ಹಾಕು. ಕುಲ್ಸುಮಿ, ಹಾಲಿನವರ ಯಜಮಾನಿ, ಫೇಲು. ದೊಡ್ಡ ಅಕ್ಷರದಲ್ಲಿ ಬರೆ, ಮಾಯ್ರಮುವಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ.

ಸುದ್ದಿಯನ್ನು ನಾನೇ ಬಾವಿಕಟ್ಟೆಯಲ್ಲಿ ಹೇಳಿದೆ. ಕ್ಯಾನನ್ನು ಅಲ್ಲಿಗೇ ತಂದು, ಕುಡುಗೋಲಿನಿಂದ ಅದರ ಕತ್ತು ಕತ್ತರಿಸಿ, ಒಳಗಿನದ್ದನ್ನು ಎಲ್ಲರಿಗೂ ತೋರಿಸಿದೆ. ಮೂಲೆಯಲ್ಲಿ ಹಳದಿಯಾಗಿ, ದಪ್ಪಗೆ ಹತ್ತಿಕೊಂಡಿತ್ತು. “ಅಯ್ಯೋ ದೇವ್ರೇ, ನಂದ್ರಲ್ಲೂ ಹಿಂಗೇ ಇರತ್ತಾ?” ಎಂದಳು ಮಾಯ್ರಮು. ಇಷ್ಟು ದಿನ ನನ್ನನ್ನು ಬೈದವಳೇ ಮಾರನೆಯ ದಿನ ಮೊದಲು ಬಾಟಲಿ ಹಿಡಿದು ಬಂದಳು, ಹಾಲಿನ ಮೇಲೆ ಸೆರಗು ಮುಚ್ಚಿಕೊಂಡು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಈ ಉಪವಾಸದ ತಿಂಗಳ ವ್ಯಾಪಾರವಂತೂ ಹೋಯಿತು. ಅದಕ್ಕೆ ಹೊಟ್ಟೆ ಉರಿಯುತ್ತದೆ, ಇಲ್ಲ ಎನ್ನುವುದಿಲ್ಲ. ಒಲೆಮನೆಯ ಮಾತು ನೀನು ಬರೆದಿದ್ದೀಯೆ, ಅದನ್ನು ಮಾಡಿಸು. ಬಿಡಬೇಡ ಅವರನ್ನು.

ಕಾಚಲ್ಲಾನಿಗೆ ಜ್ವರವಂತೆ. ಬಾಟಲಿಗಳನ್ನೆಲ್ಲ ಗಿಡಾಡೊನ ಬೈಕಿಗೆ ಕಟ್ಟಿದೆವು. ಅವನು, “ಯಾರ ಕೈಗೆ ಕೊಡ್ಲಿ, ಅತ್ತೆ? ಲ್ಯಾಬಿನವಳಿಗೆ ಅಂದ್ರೆ ಗೇಟಿನವನು ಒಳಗೆ ಬಿಡಲ್ಲ. ಹೆಸರು ಬೇಕು” ಎಂದ. ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಬೇರೆ ಯಾರಾದರೂ ಹೇಳುತ್ತಾರೇನೋ ಎಂದು ಕಾದೆ. ಯಾರೂ ಹೇಳಲಿಲ್ಲ, ಬೇಕೆಂದೇ. ಕೊಳೆತ ಕ್ಯಾನನ್ನು ಊರಿಗೆಲ್ಲ ತೋರಿಸಿದವಳಿಗೆ ಇನ್ನು ಉಳಿದ ನಾಚಿಕೆಯಾದರೂ ಯಾವುದು?

“ಸೌದಾತು ಅನ್ನು. ನನ್ನ ಮಗಳು” ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಎಂದೆ. ಬಾಯೇನೂ ಸುಟ್ಟುಹೋಗಲಿಲ್ಲ.

ಹಬ್ಬಕ್ಕೆ ಬಾ. ನಿನಗೆ ಬೇರೆ ಬುರುಡೆ ಇಡುವುದಿಲ್ಲ. ತಮ್ಮಂದಿರ ಜೊತೆ ಅದೇ ಪಾತ್ರೆಗೆ ಕೈ ಹಾಕಿ ಕಿತ್ತಾಡಿಕೊಂಡು ಕುಡಿ, ಚೆಲ್ಲಿದರೆ ಬೈಯುತ್ತೇನೆ. ಹಾಲು ಕುದಿಸಿರುತ್ತೇನೆ.

ನಿನ್ನ ತಾಯಿ
ಕುಲ್ಸುಮಿ